ಸೂರಿಗೆ ಎರಡೂವರೆ ಅಡಿ: ನಾನೇ ಬರೆದ ನಕ್ಷೆಗೆ ಪುರಸಭೆ ಪರವಾನಗಿ ಪಡೆದ ಅನುಭವ

ನಮ್ಮ ಮನೆಯ ನಕ್ಷೆಯನ್ನು ನಾನೇ ಬರೆದೆ. ನಾನು ಎಂಜಿನಿಯರ್ ಅಲ್ಲ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮಲೆನಾಡಿನ ಒಂದು ಸಣ್ಣ ಊರು, ಪುರಸಭೆ ವ್ಯಾಪ್ತಿ, ಅಪ್ಪ 1994ರಲ್ಲಿ ತೆಗೆದಿಟ್ಟಿದ್ದ 40×60 ಅಡಿ ಸೈಟು. ಅಲ್ಲಿ ಹೆಂಚಿನ ಮನೆಯೇ ಆಗಬೇಕು, ಎದುರಿಗೆ ಜಗಲಿ ಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಮ್ಮ ಬಟ್ಟೆ ಹರವಲು ಸೂರಿನ ಕೆಳಗೆ ಒಣ ಜಾಗ ಬೇಕು ಅಂತ ಆಸೆ. ಈಗ ಊರಲ್ಲಿ ಏಳುತ್ತಿರುವ ಎಷ್ಟೋ ಮನೆಗಳಿಗೆ ಸೂರೇ ಇಲ್ಲ. ಚಪ್ಪಟೆ ಆರ್‌ಸಿಸಿ, ಒಂದು ಚಿಕ್ಕ ಸಜ್ಜಾ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ತುಂಬ ಹಾವಸೆ. ಅದನ್ನು ನೋಡಿ ನೋಡಿಯೇ ನಾನು ಗ್ರಾಫ್ ಹಾಳೆ, ಪೆನ್ಸಿಲ್ ಹಿಡಿದು ಕೂತೆ.

"ನೀವೇ ಬರೆದ ಪ್ಲ್ಯಾನು ಪಾಸಾಗುತ್ತಾ?" ಅಂತ ತುಂಬ ಜನ ಕೇಳುತ್ತಾರೆ. ಆಗುತ್ತದೆ. ಆದರೆ ನಿಮ್ಮ ಸಹಿ ಒಂದೇ ಸಾಲದು. ನೋಂದಾಯಿತ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಸಹಿ ಬೇಕು, ನಮ್ಮಲ್ಲಿ ಆನ್‌ಲೈನ್ ಅರ್ಜಿ ಹೋಗುವುದೂ ಅವರ ಲಾಗಿನ್‌ನಿಂದಲೇ. ಹಾಗಾಗಿ ಮನೆಯ ಕಲ್ಪನೆ ನಿಮ್ಮದು, ಅದನ್ನು ಕಚೇರಿಗೆ ಅರ್ಥವಾಗುವ ರೀತಿ ಬರೆದು ಜವಾಬ್ದಾರಿ ಹೊರುವವರು ಅವರು. ಇದನ್ನು ಮೊದಲೇ ಒಪ್ಪಿಕೊಂಡರೆ ಅರ್ಧ ತಲೆಬಿಸಿ ಕಡಿಮೆ.

ನಕ್ಷೆಗಿಂತ ಮೊದಲು ಕಾಗದ. ನಮ್ಮ ದೊಡ್ಡ ತಡ ಆಗಿದ್ದೇ ಇಲ್ಲಿ. ಸೈಟು ಅಪ್ಪನ ಹೆಸರಿನಲ್ಲೇ ಇತ್ತು, ಅಪ್ಪ ತೀರಿಕೊಂಡು ಆರು ವರ್ಷ ಆಗಿತ್ತು. ಕಂದಾಯ ಮಾತ್ರ ತಪ್ಪದೆ ಕಟ್ಟುತ್ತಿದ್ದೆವು, ಅಷ್ಟು ಸಾಕು ಅಂದುಕೊಂಡಿದ್ದೆವು. ಸಾಲದು. ಮೊದಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಕ್ಕ ಮತ್ತು ತಮ್ಮನ ಒಪ್ಪಿಗೆ ಪತ್ರ, ಮೂಲ ಕ್ರಯಪತ್ರ, ಇಸಿ (ಋಣಭಾರ ಪ್ರಮಾಣಪತ್ರ), ಎಲ್ಲ ಸೇರಿಸಿ ಅಮ್ಮನ ಹೆಸರಿಗೆ ಖಾತೆ ಬದಲಾಗಿ ನಮೂನೆ-3ರ ಇ-ಖಾತೆ ಕೈಗೆ ಬರುವ ಹೊತ್ತಿಗೆ ನಾಲ್ಕು ತಿಂಗಳು. ಗ್ರಾಮ ಪಂಚಾಯಿತಿ ವ್ಯಾಪ್ತಿಯವರಿಗೆ ನಮೂನೆ-3ರ ಜಾಗದಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11. ಭೂಪರಿವರ್ತನೆ ಆದೇಶ ಮತ್ತು ಲೇಔಟ್ ಅನುಮೋದನೆಯ ಪ್ರತಿಯನ್ನು ಅಪ್ಪ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿಟ್ಟಿದ್ದರು. ಅದು ಇಲ್ಲದಿದ್ದರೆ ಇನ್ನೂ ಎಷ್ಟು ಓಡಾಟ ಆಗುತ್ತಿತ್ತೋ. ಮನೆ ಕಟ್ಟುವ ಯೋಚನೆ ಇನ್ನೂ ಎರಡು ವರ್ಷ ದೂರ ಇದ್ದರೂ ಖಾತೆಯನ್ನು ಈಗಲೇ ಸರಿಮಾಡಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಆಮೇಲೆ ಎಂಜಿನಿಯರ್ ಹುಡುಕಾಟ. ಮೊದಲು ಕಂಡ ಇಬ್ಬರು ನನ್ನ ಹಾಳೆಯನ್ನು ಸರಿಯಾಗಿ ನೋಡಲೂ ಇಲ್ಲ, ತಮ್ಮ ಹತ್ತಿರ ಇರುವ ಪ್ಲ್ಯಾನನ್ನೇ ತೋರಿಸಿದರು. ಮೂರನೆಯವರು ನಮ್ಮ ತಾಲ್ಲೂಕಿನವರೇ, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹಾಳೆಯನ್ನು ಮೇಜಿನ ಮೇಲೆ ಹರಡಿ ಸ್ಕೇಲ್ ಇಟ್ಟು ಅಳೆದರು. "ಸರ್, ಮನೆ ಚೆನ್ನಾಗಿದೆ, ಆದರೆ ಈ ಓದುವ ಕೋಣೆ ಏಳು ಅಡಿ ಅಗಲ ಇದೆಯಲ್ಲ, ಇದನ್ನು ಕೋಣೆ ಅಂತ ತೋರಿಸೋಕೆ ಆಗಲ್ಲ" ಅಂದರು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆಗೆ ಕನಿಷ್ಠ 2.4 ಮೀಟರ್ ಅಗಲ ಬೇಕು, ಒಂದೇ ಕೋಣೆ ಇದ್ದರೆ 9.5 ಚದರ ಮೀಟರ್ ವಿಸ್ತೀರ್ಣ ಬೇಕು. ಅಡುಗೆಮನೆಗೆ 5 ಚದರ ಮೀಟರ್ ಮತ್ತು 1.8 ಮೀಟರ್ ಅಗಲ. ಪ್ಲಿಂತ್, ಅಂದರೆ ಮನೆಯೊಳಗಿನ ನೆಲದ ಮಟ್ಟ, ಸುತ್ತಲ ನೆಲಕ್ಕಿಂತ 45 ಸೆಂ.ಮೀ. ಮೇಲಿರಬೇಕು. ಕಿಟಕಿಗೂ ಲೆಕ್ಕ ಇದೆ. ತೇವ ಮತ್ತು ಸೆಕೆ ಎರಡೂ ಇರುವ ಕಡೆ ಕೋಣೆಯ ನೆಲದ ಆರನೇ ಒಂದು ಭಾಗದಷ್ಟು ಗಾಳಿ ಬೆಳಕಿನ ತೆರವು ಇರಬೇಕು. ನಾನು ಕಿಟಕಿಗಳನ್ನು ಅಂದಾಜಿನ ಮೇಲೆ ಬರೆದಿದ್ದೆ. ಲೆಕ್ಕ ಹಾಕಿದಾಗ ಎರಡು ಕೋಣೆಗೆ ಕಡಿಮೆ ಬಂತು, ದೊಡ್ಡದು ಮಾಡಿದೆ. ಇದರಿಂದ ಮನೆಗೇ ಒಳ್ಳೆಯದಾಯಿತು.

ಇನ್ನೊಂದು ವಿಷಯ, ಅಳತೆಯ ಭಾಷೆ. ಕಚೇರಿಗೆ ಮೀಟರ್, ಮೇಸ್ತ್ರಿಗೆ ಅಡಿ. ನಾನು ಒಂದೇ ನಕ್ಷೆಯಲ್ಲಿ ಪ್ರತಿ ಅಳತೆಯ ಕೆಳಗೆ ಎರಡನ್ನೂ ಬರೆಸಿದೆ. ಒಂದು ಅಡಿ ಅಂದರೆ 0.3048 ಮೀಟರ್. ಅದನ್ನು ಸುಮ್ನೆ 0.3 ಅಂತ ಹಿಡಿದರೆ 60 ಅಡಿಗೆ ಸುಮಾರು 29 ಸೆಂ.ಮೀ. ವ್ಯತ್ಯಾಸ ಬರುತ್ತದೆ, ಸೆಟ್‌ಬ್ಯಾಕ್ (ಗಡಿಯಿಂದ ಗೋಡೆಗೆ ಬಿಡಲೇಬೇಕಾದ ಖಾಲಿ ಜಾಗ) ವಿಷಯದಲ್ಲಿ ಅದು ಚಿಕ್ಕದಲ್ಲ.

2022ರ ನವೆಂಬರ್ ಮೊದಲ ವಾರ ಅರ್ಜಿ ಹಾಕಿದೆವು. ನಮ್ಮ ಕಡೆ ಪಾಯದ ಕೆಲಸ ಮಳೆ ಹಿಡಿಯುವ ಮೊದಲೇ ಮೇಲೆ ಬರಬೇಕು. ಹಾಗಾಗಿ ಫೆಬ್ರವರಿಯೊಳಗೆ ಪರವಾನಗಿ ಕೈಯಲ್ಲಿರಬೇಕು ಅಂತ ಲೆಕ್ಕ. ಅರ್ಜಿಗೆ ಸಕಾಲದ ಸಂಖ್ಯೆ ಬರುತ್ತದೆ, 15 ಅಂಕಿಯದು. ಆ ಸ್ವೀಕೃತಿಯಲ್ಲಿ ಯಾವ ತಾರೀಖಿನೊಳಗೆ ಕೆಲಸ ಆಗಬೇಕು ಅಂತ ಇರುತ್ತದೆ, ಅದನ್ನು ಎತ್ತಿಡಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಆ ದುಡ್ಡು ದೊಡ್ಡದಲ್ಲ, ಆದರೆ ಆ ಸಂಖ್ಯೆ ಹೇಳಿ ವಿಚಾರಿಸಿದರೆ ಫೈಲು ಯಾರ ಮೇಜಿನ ಮೇಲಿದೆ ಅಂತ ತಕ್ಷಣ ತಿಳಿಯುತ್ತದೆ. ಕಚೇರಿಯ ಹೊರಗೆ ಒಬ್ಬರು ಬಂದು, ಇಷ್ಟು ಕೊಡಿ ಎಲ್ಲ ನಾನೇ ಮಾಡಿಸಿಕೊಡುತ್ತೇನೆ ಅಂದರು. ಬೇಡ ಅಂದೆ. ನನ್ನ ಫೈಲನ್ನು ನಾನೇ ತಿಳಿದುಕೊಂಡಿದ್ದರಿಂದಲೇ ಮುಂದೆ ಬಂದ ಪ್ರಶ್ನೆಗಳಿಗೆ ಉತ್ತರ ಕೊಡಲು ಆಯಿತು.

ಎರಡು ವಾರಕ್ಕೆ ಪುರಸಭೆಯ ಜೆಇ (ಜೂನಿಯರ್ ಎಂಜಿನಿಯರ್) ಸ್ಥಳ ಪರಿಶೀಲನೆಗೆ ಬಂದರು. ಅದಾದ ಒಂದು ವಾರಕ್ಕೆ ಹಿಂಬರಹ ಬಂತು, ಮೂರು ಆಕ್ಷೇಪ.

ಮೊದಲನೆಯದು ಸೈಟಿನ ಅಳತೆ. ಕ್ರಯಪತ್ರದಲ್ಲಿ, ಖಾತೆಯಲ್ಲಿ ಅಗಲ 40 ಅಡಿ. ಎದುರುಗಡೆ ಸರಿಯಾಗಿ 40 ಇದೆ. ಹಿಂದೆ ಅಳೆದರೆ 39 ಅಡಿ 2 ಇಂಚು. ಪಕ್ಕದವರ ಜಂಬಿಟ್ಟಿಗೆ ಕಾಂಪೌಂಡು ನಾವು ಸೈಟು ತೆಗೆದುಕೊಳ್ಳುವ ಮೊದಲಿಂದಲೂ ಅಲ್ಲೇ ಇದೆ. "ಮೇಷ್ಟ್ರೆ, ಕಾಗದದಲ್ಲಿ 40 ಇದ್ದರೂ ನೆಲದಲ್ಲಿ ಇಲ್ಲ. ನಾನು ನೆಲದ್ದನ್ನೇ ಬರೀಬೇಕು" ಅಂದರು ಜೆಇ. ನ್ಯಾಯವಾದ ಮಾತು. ಹತ್ತು ಇಂಚಿಗೆ ಜಗಳ ತೆಗೆದರೆ ಸರ್ವೆ, ಕೋರ್ಟು ಅಂತ ವರ್ಷಗಟ್ಟಲೆ ಹೋಗುತ್ತದೆ, ಪಕ್ಕದ ಮನೆಯವರ ಜೊತೆ ಮಾತೂ ನಿಲ್ಲುತ್ತದೆ. ನಾವು ಕಡಿಮೆ ಇದ್ದ ಅಳತೆಯನ್ನೇ ಹಿಡಿದೆವು, ಅಂದರೆ 11.94 ಮೀಟರ್. ನಕ್ಷೆ ಬರೆಯುವ ಮೊದಲೇ ನಾಲ್ಕೂ ಬದಿಯನ್ನು ಮತ್ತು ಎರಡು ಕರ್ಣವನ್ನು ಟೇಪು ಹಿಡಿದು ಅಳೆಯಬೇಕಿತ್ತು. ಗಣಿತದ ಮೇಷ್ಟ್ರಾಗಿ ಅದನ್ನು ಮಾಡದೆ ಬಿಟ್ಟದ್ದು ನನಗೆ ಈಗಲೂ ಬೇಸರ.

ಎರಡನೆಯದು ಸೂರು. ನನಗೆ ಇದೇ ಮುಖ್ಯ. ನಕ್ಷೆಯಲ್ಲಿ ಗೋಡೆಯಿಂದ ಸೂರು ಮೂರೂವರೆ ಅಡಿ ಹೊರಗೆ ಚಾಚಿತ್ತು. ನಮ್ಮ ಸೈಟಿಗೆ ಎದುರು 3 ಮೀಟರ್, ಉಳಿದ ಮೂರು ಬದಿಗೆ ಒಂದೂವರೆ ಮೀಟರ್ ಬಿಡಬೇಕು ಅಂತ ಹೇಳಿದ್ದರು. ಇದು ಎಲ್ಲರಿಗೂ ಒಂದೇ ಅಲ್ಲ. ಸೈಟಿನ ಉದ್ದ ಅಗಲ, ಕಟ್ಟಡದ ಎತ್ತರ, ನಿಮ್ಮ ಊರಿನ ಯೋಜನಾ ಪ್ರಾಧಿಕಾರದ ವಲಯ ನಿಯಮ ನೋಡಿ ಬದಲಾಗುತ್ತದೆ, ನಿಮ್ಮದನ್ನು ನಿಮ್ಮ ಕಚೇರಿಯಲ್ಲೇ ಕೇಳಿ. ನಾನು ಗೋಡೆಯನ್ನು ಸರಿಯಾಗಿ ಸೆಟ್‌ಬ್ಯಾಕ್ ಗೆರೆ ಮೇಲೆ ಕೂರಿಸಿದ್ದೆ, ಸೂರು ಪೂರ್ತಿ ಖಾಲಿ ಜಾಗದ ಮೇಲೆ ಬಂದಿತ್ತು. ಬಿಡಬೇಕಾದ ಜಾಗದ ಮೇಲೆ ಸಜ್ಜಾ ಅಥವಾ ಸೂರು ಬರಬಹುದಾದದ್ದು 0.75 ಮೀಟರ್, ಹೆಚ್ಚುಕಡಿಮೆ ಎರಡೂವರೆ ಅಡಿ. ನನ್ನದು 1.07.

ಜೆಇ ಸುಲಭದ ದಾರಿ ಹೇಳಿದರು, ಸೂರನ್ನು ಒಂದಡಿ ಕಡಿಮೆ ಮಾಡಿ ಅಂತ. ನನಗೆ ಒಪ್ಪಿಗೆ ಆಗಲಿಲ್ಲ. ಓರೆಯಾಗಿ ಬಾರಿಸುವ ಮಳೆಗೆ ಆ ಒಂದಡಿಯೇ ಗೋಡೆಯನ್ನು ಕಾಯುವುದು. ಅಜ್ಜನ ಮನೆಯ ಮಣ್ಣಿನ ಗೋಡೆ ಅಷ್ಟು ವರ್ಷ ನಿಂತದ್ದು ಸೂರಿನ ದೆಸೆಯಿಂದ. ಎರಡು ರಾತ್ರಿ ಹಾಳೆ ಮುಂದೆ ಕೂತು ಯೋಚಿಸಿದೆ. ಸೂರು ಚಿಕ್ಕದಾಗಬಾರದು ಅಂದರೆ ಗೋಡೆ ಒಳಗೆ ಬರಬೇಕು, ಬೇರೆ ದಾರಿ ಇಲ್ಲ. ಎರಡೂ ಪಕ್ಕದ ಗೋಡೆಯನ್ನು 32 ಸೆಂ.ಮೀ. ಒಳಗೆ ತಂದೆ. ಮೊದಲ ನಕ್ಷೆಯಲ್ಲಿ 9.19 ಮೀಟರ್ ಇದ್ದ ಮನೆಯ ಅಗಲ, ಸೈಟಿನ ಕೊರತೆಯೂ ಸೇರಿ, 8.30ಕ್ಕೆ ಇಳಿಯಿತು. ಹತ್ತಿರ ಹತ್ತಿರ ಮೂರಡಿ ಹೋಯಿತು. ಓದುವ ಕೋಣೆಯನ್ನು ಬಿಟ್ಟು ಅದರ ಜಾಗವನ್ನು ನಡುಮನೆಗೆ ಸೇರಿಸಿದೆವು. ಆದರೆ ಸೂರಿನ ತುದಿಯಿಂದ ಗಡಿಗೆ ಮುಕ್ಕಾಲು ಮೀಟರ್ ಉಳಿಯಿತು, ನಮ್ಮ ಮಾಡಿನ ನೀರು ಪಕ್ಕದವರ ಜಾಗಕ್ಕೆ ಬೀಳುವ ಪ್ರಶ್ನೆಯೇ ಬರಲಿಲ್ಲ.

ಆ ನೀರನ್ನು ಎಲ್ಲಿಗೆ ಬಿಡುತ್ತೀರಿ ಅಂತಲೂ ನಕ್ಷೆಯಲ್ಲಿ ತೋರಿಸಿ ಅಂದರು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಮಾಡು ಸುಮಾರು 145 ಚದರ ಮೀಟರ್. ಜುಲೈಯಲ್ಲಿ ಒಂದು ದಿನಕ್ಕೆ 100 ಮಿ.ಮೀ. ಹೊಡೆದರೆ 14,500 ಲೀಟರ್! ಹಿಂದೆ ಅಡಿಕೆ ದಬ್ಬೆ ಕಟ್ಟಿ ಹಂಡೆಗೆ ಬಿಡುತ್ತಿದ್ದರು. ನಾವು ಎರಡೂ ಬದಿಗೆ ತಗಡಿನ ದೋಣಿ, ಅಲ್ಲಿಂದ ಕೊಳವೆ, ಒಂದು ಇಂಗುಗುಂಡಿ, ತುಂಬಿದ ಮೇಲೆ ರಸ್ತೆಯ ಚರಂಡಿ ಅಂತ ತೋರಿಸಿದೆವು.

ಮೂರನೆಯದು ಪಾಯಿಖಾನೆಯ ನೀರು. ಊರಲ್ಲಿ ಒಳಚರಂಡಿ ಇಲ್ಲ. ಸೆಪ್ಟಿಕ್ ಟ್ಯಾಂಕ್‌ನಿಂದ ಹೊರಬರುವ ನೀರು ಇಂಗುವ ಗುಂಡಿಯನ್ನು ನಾನು ಹಿತ್ತಲಲ್ಲಿ ಬರೆದಿದ್ದೆ. ಹಿಂದಿನ ಮನೆಯ ಬಾವಿ ಅಲ್ಲಿಂದ 7 ಮೀಟರ್. ಕುಡಿಯುವ ನೀರಿನ ಬಾವಿಗೆ ಇಂಥ ಗುಂಡಿ 18 ಮೀಟರ್ ಒಳಗೆ ಇರಬಾರದು. ಈ ಆಕ್ಷೇಪ ಓದಿದಾಗ ನನಗೆ ನಿಜಕ್ಕೂ ಎದೆ ಝಲ್ ಅಂದಿತು, ಯಾಕೆಂದರೆ ಬೇಲಿಯ ಆಚೆ ಏನಿದೆ ಅಂತ ನಾನು ನೋಡಿಯೇ ಇರಲಿಲ್ಲ. ಅವತ್ತೇ ಸಂಜೆ ಆ ಮನೆಯ ಅಜ್ಜನ ಹತ್ತಿರ ಹೋಗಿ ಹೇಳಿದೆ. "ಮೂರು ತಲೆಮಾರು ಕುಡಿದ ನೀರು ಮಾರಾಯ್ರೇ, ನೀವು ಬಂದು ಹೇಳಿದ್ದು ಒಳ್ಳೇದಾಯ್ತು" ಅಂದರು. ಅವರೇ ಟೇಪಿನ ಒಂದು ತುದಿ ಹಿಡಿದರು.

ಗುಂಡಿಯನ್ನು ಎದುರಿನ ಅಂಗಳಕ್ಕೆ ತಂದೆವು, ಬಾವಿಗೆ ಈಗ 22 ಮೀಟರ್. ಅಕ್ಕಪಕ್ಕ, ಎದುರು ಮನೆಗಳಲ್ಲಿ ಬಾವಿ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ. ಆದರೆ ಬಚ್ಚಲು, ಪಾಯಿಖಾನೆ ಮನೆಯ ಹಿಂದೆ. ಕೊಳವೆ 14 ಮೀಟರ್ ಮುಂದಕ್ಕೆ ಬರಬೇಕು. 40ಕ್ಕೆ 1ರ ಇಳಿಜಾರು ಹಿಡಿದರೆ 35 ಸೆಂ.ಮೀ. ಇಳಿತ ಬೇಕು. ಅದಕ್ಕಾಗಿ ಪ್ಲಿಂತನ್ನು 45ರಿಂದ 60 ಸೆಂ.ಮೀ.ಗೆ ಏರಿಸಬೇಕಾಯಿತು, ಜಗಲಿಗೆ ಮೂರು ಮೆಟ್ಟಿಲಿದ್ದದ್ದು ನಾಲ್ಕಾಯಿತು. ಅಮ್ಮನಿಗೆ ಮಂಡಿನೋವು. ರ‍್ಯಾಂಪ್ ಹಾಕೋಣ ಅಂದರೆ 12ಕ್ಕೆ 1ರ ಲೆಕ್ಕದಲ್ಲಿ 7 ಮೀಟರಿಗೂ ಜಾಸ್ತಿ ಉದ್ದ ಬೇಕು, ಜಾಗ ಇಲ್ಲ. ಮೆಟ್ಟಿಲನ್ನು ಅಗಲ ಮಾಡಿ ಎರಡೂ ಕಡೆ ಹಿಡಿಕೆ ಹಾಕಿಸಿದೆ.

ತಿದ್ದಿದ ನಕ್ಷೆ ಜನವರಿಯಲ್ಲಿ ಹೋಯಿತು. ಜೊತೆಗೆ ಒಂದು ಪುಟದ ಪತ್ರ ಬರೆದೆ, ಪ್ರತಿ ಆಕ್ಷೇಪಕ್ಕೂ ಏನು ಬದಲಾಯಿಸಿದೆವು, ನಕ್ಷೆಯಲ್ಲಿ ಎಲ್ಲಿದೆ ಅಂತ. ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದು ಪ್ರತಿಗೆ ಮೊಹರು ಹಾಕಿಸಿಕೊಂಡೆ. ಆ ಪತ್ರ ತುಂಬ ಸಹಾಯ ಮಾಡಿತು ಅಂತ ನನ್ನ ನಂಬಿಕೆ. ಮತ್ತೆ ಪ್ರಶ್ನೆ ಬರಲಿಲ್ಲ, ನೇರ ಚಲನ್ ಬಂತು.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಪರವಾನಗಿ ಶುಲ್ಕ ಒಂದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡರೆ ಕಷ್ಟ. ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಅಂತ ನಿರ್ಮಾಣ ವೆಚ್ಚದ ಶೇಕಡಾ 1 ಇದೆ. ಆಗ ಸ್ವಂತ ವಾಸದ ಮನೆಗೆ 10 ಲಕ್ಷದವರೆಗೆ ವಿನಾಯಿತಿ ಇತ್ತು, ನಮ್ಮದು ಅದನ್ನು ದಾಟಿತ್ತು. ಎಲ್ಲಕ್ಕಿಂತ ದೊಡ್ಡ ಮೊತ್ತ ಅದೇ.

ಫೆಬ್ರವರಿ ಎರಡನೇ ವಾರ ಪರವಾನಗಿ ಕೈಗೆ ಬಂತು, ಎರಡು ವರ್ಷದ ಅವಧಿ. ಬೆಂಗಳೂರಿನಲ್ಲಿ 2024ರಿಂದ ನಂಬಿಕೆ ನಕ್ಷೆ ಅಂತ ಬಂದಿದೆ, 50×80ರವರೆಗಿನ ಸೈಟುಗಳಿಗೆ ನೋಂದಾಯಿತ ಎಂಜಿನಿಯರ್ ಮೂಲಕವೇ ಬೇಗ ತಾತ್ಕಾಲಿಕ ಒಪ್ಪಿಗೆ ಸಿಗುತ್ತದೆ. ಬೇಗ ಸಿಗುವುದು ಒಳ್ಳೆಯದೇ. ಆದರೂ ಯಾರೋ ಒಬ್ಬರು ಜಾಗಕ್ಕೆ ಬಂದು ಬೇಲಿಯ ಆಚೆ ಇರುವ ಬಾವಿಯನ್ನು ನೋಡಬೇಕು ಅಂತ ನನಗೆ ಈಗ ಗಟ್ಟಿಯಾಗಿ ಅನಿಸುತ್ತದೆ.

ಕಟ್ಟುವಾಗ ಮೇಸ್ತ್ರಿ ಎರಡು ಸಲ ಕೇಳಿದರು, "ಸಾರ್, ಪಕ್ಕಕ್ಕೆ ಒಂದಡಿ ಎಳೆದರೆ ನಡುಮನೆ ದೊಡ್ಡದಾಗ್ತದೆ, ಯಾರು ನೋಡ್ತಾರೆ?" ಅಂತ. ಎಳೆಯಲಿಲ್ಲ. ಮನೆ ಮುಗಿದ ಮೇಲೆ ಸ್ವಾಧೀನ ಪತ್ರಕ್ಕೆ, ಅಂದರೆ ಆಕ್ಯುಪೆನ್ಸಿ ಸರ್ಟಿಫಿಕೇಟಿಗೆ, ಅರ್ಜಿ ಹಾಕಿದೆ. ಊರಲ್ಲಿ ಅದನ್ನು ಕೇಳುವವರು ಕಡಿಮೆ. ಆದರೆ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ವಿದ್ಯುತ್, ನೀರಿನ ಸಂಪರ್ಕವನ್ನು ಈ ಪತ್ರ ನೋಡಿಯೇ ಕೊಡಬೇಕು ಅಂತ ಹೇಳಿದ ಮೇಲೆ ಎಷ್ಟೋ ಜನ ಒದ್ದಾಡಿದರು. ಅದೇ ಜೆಇ ಬಂದು ಸೂರಿನ ತುದಿಯಿಂದ ಗಡಿಗೆ ಟೇಪು ಹಿಡಿದರು. 76 ಸೆಂ.ಮೀ. ಬರೆದುಕೊಂಡರು.

ಮೊಹರು ಬಿದ್ದ ನಕ್ಷೆ ಈಗ ಅಮ್ಮನ ಟ್ರಂಕಿನಲ್ಲಿ, ಅಪ್ಪನ ಅದೇ ಪ್ಲಾಸ್ಟಿಕ್ ಕವರಿನಲ್ಲಿದೆ. ಪರವಾನಗಿ ನೆಲ ಅಂತಸ್ತಿಗೆ ಮಾತ್ರ. ತಮ್ಮ ಮುಂದೆ ಅಟ್ಟದ ಮೇಲೆ ಒಂದು ಕೋಣೆ ಎಬ್ಬಿಸುವುದಾದರೆ ಮತ್ತೆ ಹೊಸ ಅರ್ಜಿ ಹಾಕಬೇಕು, ಅದಕ್ಕೆ ಬೇಕಾದ ಎಲ್ಲ ಕಾಗದವನ್ನೂ ಆ ಕವರಿಗೇ ಹಾಕಿದ್ದೇನೆ.