ಚೆನ್ನಾಗಿ ಸುಳ್ಳು ಬರೆದವರೇ ಗೆಲ್ಲುವ ನಿಘಂಟಿನಾಟ

'ಎಲರುಣಿ' ಅಂದರೆ ಏನು? ನಾಲ್ಕು ಉತ್ತರ ಕೊಡುತ್ತೇನೆ, ಒಂದನ್ನು ಆರಿಸಿ. ಎಲೆಯ ತೊಟ್ಟಿಗೆ ಅಂಟಿಕೊಂಡು ರಸ ಹೀರುವ ಸಣ್ಣ ಹುಳು. ಕರೆಯದಿದ್ದರೂ ಊಟದ ಹೊತ್ತಿಗೆ ಸರಿಯಾಗಿ ಬರುವವನು. ಹಾವು. ದೋಣಿಯ ಪಟವನ್ನು ಕಂಬಕ್ಕೆ ಬಿಗಿಯುವ ಹಗ್ಗ.

ಉತ್ತರ ಆಮೇಲೆ ಹೇಳುತ್ತೇನೆ. ಇದು ಇರಬಹುದು, ಅದು ಯಾರೋ ಕಟ್ಟಿದ್ದು ಅಂತ ಮನಸ್ಸಲ್ಲೇ ಒಂದು ಲೆಕ್ಕ ಹಾಕಿದಿರಿ ಅಲ್ವಾ? ಅದೇ ಈ ಆಟ. ಇಂಗ್ಲಿಷ್‌ನಲ್ಲಿ ಇದಕ್ಕೆ ಫಿಕ್ಷನರಿ ಎಂಬ ಹೆಸರಿದೆ. 1965ರಲ್ಲಿ ಬಿಬಿಸಿಯಲ್ಲಿ ಶುರುವಾದ 'ಕಾಲ್ ಮೈ ಬ್ಲಫ್' ಕಾರ್ಯಕ್ರಮದಲ್ಲೂ ಒಂದು ಪದಕ್ಕೆ ಮೂರು ಅರ್ಥ ಹೇಳಿ ನಿಜ ಯಾವುದೆಂದು ಕೇಳುತ್ತಿದ್ದರು. 1984ರಲ್ಲಿ ಕೆನಡಾದವರು ಇದನ್ನೇ 'ಬಾಲ್ಡರ್‌ಡ್ಯಾಶ್' ಎಂಬ ಬೋರ್ಡ್ ಗೇಮ್ ಮಾಡಿದರು. ಅದನ್ನೇನೂ ಕೊಳ್ಳಬೇಕಾಗಿಲ್ಲ. ಒಂದು ದಪ್ಪ ನಿಘಂಟು, ಒಂದೇ ಅಳತೆಯ ಚೀಟಿಗಳು, ತಲೆಗೊಂದು ಪೆನ್ನು ಇದ್ದರೆ ಸಾಕು. ನಾಲ್ಕರಿಂದ ಎಂಟು ಜನ ಇದ್ದರೆ ಚೆನ್ನ. ಜಾಸ್ತಿ ಇದ್ದರೆ ಇಬ್ಬಿಬ್ಬರ ಜೋಡಿ ಮಾಡಿ.

ಪದ ಹುಡುಕುವುದು

ಪ್ರತಿ ಸುತ್ತಿಗೂ ಒಬ್ಬರ ಕೈಯಲ್ಲಿ ನಿಘಂಟು ಇರುತ್ತದೆ. ಯಾರಿಗೂ ಗೊತ್ತಿರದ ಒಂದು ಪದವನ್ನು ಅವರು ಆರಿಸಬೇಕು. ಕನ್ನಡದಲ್ಲಿ ಆಡುವುದಾದರೆ ಹಳಗನ್ನಡದ ಪದಗಳು ಹೇಳಿ ಮಾಡಿಸಿದ ಹಾಗಿರುತ್ತವೆ. 1894ರ ಕಿಟ್ಟೆಲ್ ನಿಘಂಟಿನ ಯಾವ ಪುಟ ತೆರೆದರೂ ಸಿಗುತ್ತವೆ. ಉದ್ದನೆಯ ಸಂಸ್ಕೃತ ಸಮಾಸಗಳು ಬೇಡ. ಬಿಡಿಸಿದರೆ ಅರ್ಥ ತಾನಾಗಿ ಹೊರಬೀಳುತ್ತದೆ.

ಆರಿಸಿದ ಮೇಲೆ ಪದವನ್ನು ಜೋರಾಗಿ ಓದಿ, 'ಯಾರಿಗಾದರೂ ಗೊತ್ತಾ?' ಎಂದು ಕೇಳಿ. ಗೊತ್ತಿದ್ದವರು ಪ್ರಾಮಾಣಿಕವಾಗಿ ಒಪ್ಪಿಕೊಂಡರೆ ಬೇರೆ ಪದ. ನಾನೊಮ್ಮೆ ಭಾರಿ ಹುಷಾರಿ ಅಂದುಕೊಂಡು 'ಗೊಟ್ಟ' ಎಂದೆ. ಎಲ್ಲರೂ ತಲೆ ಅಲ್ಲಾಡಿಸಿದರು. ಮೂಲೆಯಲ್ಲಿ ಸುಮ್ನೆ ಕೂತಿದ್ದ ಅಜ್ಜ ಮಾತ್ರ ನಕ್ಕು, 'ದನಕ್ಕೆ ಔಷಧಿ ಕುಡಿಸೋ ಬಿದಿರಿನ ಕೊಳವೆ ಕಣಪ್ಪ' ಎಂದರು. ನನ್ನ ಪದ ಅಲ್ಲಿಗೆ ಮುಗಿಯಿತು.

ಸುಳ್ಳು ಕಟ್ಟುವುದು

ಈಗ ಉಳಿದವರೆಲ್ಲ ಮೂರು ನಿಮಿಷದಲ್ಲಿ ಒಂದೊಂದು ಸುಳ್ಳು ಅರ್ಥ ಬರೆಯಬೇಕು. ಹೊಸಬರು ಇಲ್ಲೇ ಎಡವುತ್ತಾರೆ. ಎಲ್ಲರನ್ನೂ ನಗಿಸಲು ಹೋಗುತ್ತಾರೆ. ನಗು ಬರುತ್ತದೆ, ವೋಟು ಬರುವುದಿಲ್ಲ. ನಿಘಂಟು ಜೋಕ್ ಮಾಡುವ ಪುಸ್ತಕ ಅಲ್ಲವಲ್ಲ.

ನಂಬಿಸುವ ಅರ್ಥ ಸ್ವಲ್ಪ ನೀರಸವಾಗಿರಬೇಕು. 'ಒಂದು ಸಾಧನ' ಎಂದರೆ ಯಾರೂ ನಂಬುವುದಿಲ್ಲ. 'ಮಗ್ಗದಲ್ಲಿ ನೂಲು ಸಡಿಲವಾಗದಂತೆ ಸಿಕ್ಕಿಸುವ ಮರದ ಚಕ್ಕೆ' ಎಂದು ನೋಡಿ, ಇಷ್ಟು ಬೇಜಾರಿನ ಸುಳ್ಳನ್ನು ಯಾರು ತಾನೇ ಹೇಳುತ್ತಾರೆ ಅನ್ನಿಸುತ್ತದೆ. ಪದದ ಸದ್ದಿಗೆ ಅರ್ಥ ತಾಗಿಯೂ ತಾಗದ ಹಾಗಿರಲಿ. ಎಲರುಣಿಗೆ 'ಎಲೆಯ ಹುಳು' ಬರೆದವರು ಸದ್ದಿನ ಹಿಂದೆಯೇ ಹೋದರು. ಇನ್ನು 'ಒಂದು ಬಗೆಯ ಗಿಡ' ಎಂಬುದನ್ನು ಎರಡನೇ ಸುತ್ತಿಗೇ ನಿಷೇಧಿಸಿ. ಇಲ್ಲದಿದ್ದರೆ ಎಲ್ಲರೂ ಅದನ್ನೇ ಬರೆದು ಕೂರುತ್ತಾರೆ.

ಈ ವಿದ್ಯೆಯಲ್ಲಿ ನಿಘಂಟು ಮಾಡುವವರೇ ನಮಗೆ ಗುರುಗಳು. 2001ರ ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ಡಿಕ್ಷನರಿಯಲ್ಲಿ 'ಎಸ್ಕ್ವಿವೇಲಿಯನ್ಸ್' ಎಂಬ ಪದವಿತ್ತು. ಕೆಲಸದ ಜವಾಬ್ದಾರಿಯಿಂದ ಬೇಕೆಂದೇ ನುಣುಚಿಕೊಳ್ಳುವುದು ಎಂದು ಅರ್ಥ ಕೊಟ್ಟಿದ್ದರು. ಕದ್ದು ನಕಲು ಮಾಡುವವರನ್ನು ಹಿಡಿಯಲು ಸಂಪಾದಕರು ಹೊಸೆದ ಪದ ಅದು. ಅದರ ಜೊತೆಗೆ 'ಬಹುಶಃ ಫ್ರೆಂಚ್ ಮೂಲದ್ದು' ಎಂಬ ಟಿಪ್ಪಣಿ ಬೇರೆ. ಆ 'ಬಹುಶಃ' ಇದೆಯಲ್ಲ, ಅದು ಬಂಗಾರದಂಥ ಪದ. ಸುಳ್ಳು ಹೇಳುವವರು ಅನುಮಾನ ತೋರಿಸುವುದಿಲ್ಲ ಎಂದೇ ನಾವು ನಂಬಿರುತ್ತೇವೆ.

ಓದುವುದು, ವೋಟು, ಅಂಕ

ನಿಘಂಟು ಹಿಡಿದವರು ನಿಜವಾದ ಅರ್ಥವನ್ನೂ ಅಂಥದ್ದೇ ಚೀಟಿಯಲ್ಲಿ ಬರೆದು, ಎಲ್ಲವನ್ನೂ ಕಲಸಬೇಕು. ಜೋರಾಗಿ ಓದುವ ಮೊದಲು ಒಮ್ಮೆ ಮನಸ್ಸಲ್ಲೇ ಓದಿಕೊಳ್ಳಿ. ಕೆಟ್ಟ ಅಕ್ಷರದ ಮುಂದೆ ತಡವರಿಸಿದಿರೋ, ಅದು ಪುಸ್ತಕದ್ದಲ್ಲ ಎಂದು ಎಲ್ಲರಿಗೂ ತಿಳಿಯುತ್ತದೆ. ಎಲ್ಲವನ್ನೂ ಒಂದೇ ದನಿಯಲ್ಲಿ, ನಗದೆ, ಎರಡು ಸಲ ಓದಿ. ನಗದೆ ಇರುವುದು ಹೇಳಿದಷ್ಟು ಸುಲಭವಲ್ಲ.

ಆಮೇಲೆ ಒಬ್ಬೊಬ್ಬರೂ ಒಂದಕ್ಕೆ ವೋಟು ಹಾಕಬೇಕು. ತಮ್ಮದಕ್ಕೆ ತಾವೇ ಹಾಕಿಕೊಳ್ಳುವಂತಿಲ್ಲ. ನಿಜ ಗುರುತಿಸಿದವರಿಗೆ 2 ಅಂಕ. ನಿಮ್ಮ ಸುಳ್ಳಿಗೆ ಬಿದ್ದ ಪ್ರತಿ ವೋಟಿಗೆ 1. ಯಾರೂ ಗುರುತಿಸದಿದ್ದರೆ ನಿಘಂಟು ಹಿಡಿದವರಿಗೆ 3. ಬಳಿಕ ನಿಘಂಟು ಪಕ್ಕದವರ ಕೈಗೆ.

ಅಂದಹಾಗೆ, ಎಲರುಣಿ ಅಂದರೆ ಹಾವು. ಎಲರ್ ಎಂದರೆ ಗಾಳಿ, ಉಣಿ ಎಂದರೆ ಉಣ್ಣುವುದು. ಹಾವು ಗಾಳಿ ಕುಡಿದು ಬದುಕುತ್ತದೆ ಎಂಬ ಹಳೇ ನಂಬಿಕೆಯಿಂದ ಬಂದ ಹೆಸರು. ನಾವು ನಾಲ್ವರು ಆಡಿದಾಗ ಹಾವಿಗೆ ಒಂದೂ ವೋಟು ಬೀಳಲಿಲ್ಲ. ಊಟಕ್ಕೆ ಬರುವವನನ್ನು ಕೇಳಿ ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವನಿಗೂ ಸೊನ್ನೆ. ಹುಳಕ್ಕೆ ಒಂದು ವೋಟು, ದೋಣಿಯ ಹಗ್ಗಕ್ಕೆ ಎರಡು. ನಿಘಂಟು ಹಿಡಿದಿದ್ದ ನಾನು ಒಂದು ಸುಳ್ಳೂ ಬರೆಯದೆ 3 ಅಂಕ ಹೊಡೆದೆ.