ಟ್ರಂಕಿನೊಳಗಿನ ಕೋಟಿಗೆ ವಯಸ್ಸೆಷ್ಟು?

ದಾವಣಗೆರೆಯ ಹಳೇ ಮನೆಗಳಲ್ಲಿ ಟ್ರಂಕು ತೆಗೆದರೆ ನುಸಿ ಗುಳಿಗೆಯ ವಾಸನೆ ಜೊತೆಗೆ ಒಂದಾದರೂ ಕೋಟು ಸಿಗುತ್ತದೆ. ಯಾವ ಕಾಲದ್ದು ಎಂದು ಕೇಳಿ ನೋಡಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಮ್ಮ ಸೋದರಮಾವನ ಮನೆಯಲ್ಲಿ ಒಂದು ಸಿಕ್ಕಾಗ ನಾನೂ ಹೇಳಿದೆ. ಲ್ಯಾಪೆಲ್, ಅಂದರೆ ಎದೆ ಮೇಲೆ ಹೊರಕ್ಕೆ ಮಡಚಿದ ಪಟ್ಟಿ, ಅಂಗೈ ಅಗಲ ಇತ್ತು. ‘1940ರ ಆಸುಪಾಸಿನದು, ತಾತನ ಕೋಟೇ ಇರಬೇಕು’ ಎಂದುಬಿಟ್ಟೆ.

ತಪ್ಪಿದ್ದೇ ಅಲ್ಲಿ. ಅಗಲ ಲ್ಯಾಪೆಲ್ 1940ರ ದಶಕದಲ್ಲೂ ಇತ್ತು, 70ರ ದಶಕದಲ್ಲಿ ಮತ್ತೆ ಬಂತು. ನಡುವೆ, 60ರ ಮೊದಲ ವರ್ಷಗಳಲ್ಲಿ, ಎರಡು ಮೂರು ಬೆರಳಿನಷ್ಟು ಸಣ್ಣದಾಗಿತ್ತು. ಅದೂ ಲಂಡನ್ನಿನ ಲೆಕ್ಕ. ನಮ್ಮೂರಲ್ಲಿ ಗಿರಾಕಿ ಅಣ್ಣನ ಹಳೇ ಕೋಟು ತಂದು ‘ಹಿಂಗೇ ಹೊಲೀರಿ’ ಅಂದರೆ ದರ್ಜಿ ಹಾಗೇ ಹೊಲಿದುಕೊಡುತ್ತಿದ್ದ. ಆದ್ದರಿಂದ ಹೊರಗಿನ ಆಕಾರ ಕೊನೆಗಿರಲಿ. ಮೊದಲು ಕೋಟಿನ ಒಳಮಗ್ಗಲು ತಿರುಗಿಸಿ.

ಒಳಜೇಬಿನ ಹತ್ತಿರ ದರ್ಜಿಯ ಲೇಬಲ್ ಹುಡುಕಿ. ಹೆಸರಿಗಿಂತ ವಿಳಾಸ ಮುಖ್ಯ. ಪಿನ್‌ಕೋಡ್ ಇದ್ದರೆ ಲೇಬಲ್ 1972ರ ಆಗಸ್ಟ್ 15ರ ನಂತರದ್ದು, ಪಿನ್ ಶುರುವಾದದ್ದೇ ಅವತ್ತು. ‘ಮೈಸೂರು ಸ್ಟೇಟ್’ ಎಂದಿದ್ದರೆ ಅದನ್ನು ಮಾಡಿಸಿದ್ದು 1973ರ ನವೆಂಬರ್ 1ಕ್ಕೂ ಮುಂಚೆ. ದಾವಣಗೆರೆ ವಿಳಾಸದ ಕೆಳಗೆ ‘ಚಿತ್ರದುರ್ಗ ಜಿಲ್ಲೆ’ ಎಂದಿದೆಯಾ? 1997ರವರೆಗೆ ಹಾಗೇ ಇತ್ತು, ಆ ವರ್ಷ ನಮ್ಮದು ಬೇರೆ ಜಿಲ್ಲೆಯಾಯಿತು. ಒಂದು ಎಚ್ಚರ ಮಾತ್ರ ಇರಲಿ. ಲೇಬಲ್‌ಗಳನ್ನು ಕಟ್ಟುಗಟ್ಟಲೆ ಮಾಡಿಸಿ ವರ್ಷಾನುಗಟ್ಟಲೆ ಬಳಸಿರಬಹುದು. ಪಿನ್‌ಕೋಡ್ ಇಲ್ಲ ಎಂದಮಾತ್ರಕ್ಕೆ ಕೋಟು ಅದಕ್ಕಿಂತ ಹಳೇದು ಅಂತಲೂ ಅಲ್ಲ.

ಆಮೇಲೆ ಜೇಬುಗಳಿಗೆ ಕೈ ಹಾಕಿ. ಜೇಬು ಹರಿದಿದ್ದರೆ ಕೆಳಅಂಚನ್ನು ಬೆರಳಲ್ಲಿ ಒತ್ತುತ್ತಾ ಹೋಗಿ. ಚಿಲ್ಲರೆ, ಬಸ್ ಟಿಕೆಟ್ ಎಲ್ಲ ಲೈನಿಂಗ್ ಒಳಗೆ ಜಾರಿ ಅಲ್ಲೇ ಕೂತಿರುತ್ತವೆ. ಟಿಕೆಟ್ ಆಣೆ ಲೆಕ್ಕದಲ್ಲಿದ್ದರೆ 1957ರ ಆಸುಪಾಸು ಅಥವಾ ಅದಕ್ಕೂ ಹಿಂದಿನದು. ‘ನಯೆ ಪೈಸೆ’ ನಾಣ್ಯ ಸಿಕ್ಕರೆ 1957ರಿಂದ 64ರ ನಡುವೆ ಟಂಕಿಸಿದ್ದು. ಆದರೆ ಇದೆಲ್ಲ ಕೋಟು ತೊಟ್ಟ ಕಾಲ ಹೇಳುತ್ತದೆ, ಹೊಲಿದ ಕಾಲ ಅಲ್ಲ.

ಈಗ ಬಟ್ಟೆ. ಒಳಹೊಲಿಗೆಯ ಅಂಚಿನಲ್ಲಿ ಬಟ್ಟೆಯದೇ ಒಂದೇ ಒಂದು ಎಳೆ ಕಿತ್ತು (ಹೊಲಿಗೆಯ ದಾರ ಅಲ್ಲ), ಕೋಟಿನಿಂದ ದೂರ ಹಿಡಿದು ಸುಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಂತಾದರೆ ಪಾಲಿಯೆಸ್ಟರ್ ಇರಬೇಕು. ಎರಡೂ ಕಂಡರೆ ಟೆರಿವುಲ್. ಪಾಲಿಯೆಸ್ಟರ್ ನೂಲನ್ನು ಇಂಗ್ಲೆಂಡಿನಲ್ಲಿ ಕಂಡುಹಿಡಿದದ್ದು 1941ರಲ್ಲಿ, ಪೇಟೆಗೆ ಬಂದದ್ದು ಯುದ್ಧ ಮುಗಿದು ವರ್ಷಗಳಾದ ಮೇಲೆ. ಅಂದರೆ ಟೆರಿವುಲ್ ಕೋಟು ಸ್ವಾತಂತ್ರ್ಯಕ್ಕೆ ಮುಂಚಿನದಾಗಿರಲು ಸಾಧ್ಯವೇ ಇಲ್ಲ.

ಇನ್ನು ಚಿವುಟಿ ನೋಡುವ ಪರೀಕ್ಷೆ, ನನಗೆ ಇದೇ ಜಾಸ್ತಿ ಇಷ್ಟ. ಕಾಜಾದ ಕೆಳಗೆ ಹೊರಬಟ್ಟೆಯನ್ನೂ ಲೈನಿಂಗನ್ನೂ ಬೇರೆಬೇರೆಯಾಗಿ ಹಿಡಿದು ಎಳೆಯಿರಿ. ನಡುವೆ ಮೂರನೇ ಪದರ ಸಡಿಲವಾಗಿ ಓಡಾಡಿದರೆ ಅದು ಕ್ಯಾನ್ವಾಸ್, ಕೋಟಿನ ಎದೆಗೆ ಆಕಾರ ಕೊಡಲು ಹೊಲಿದು ಕೂರಿಸಿದ ಒಳಬಟ್ಟೆ. ಹೊರಬಟ್ಟೆ ದಪ್ಪಗೆ, ಅಂಟಿಕೊಂಡಂತೆ ಇದ್ದರೆ ಫ್ಯೂಸಿಂಗ್, ಅಂದರೆ ಒಳಪದರವನ್ನು ಹೊಲಿಯದೆ ಬಿಸಿಯಲ್ಲಿ ಅಂಟಿಸಿದ್ದು. ಅದು ಹೆಚ್ಚಾಗಿ ಬಳಕೆಗೆ ಬಂದದ್ದು 60-70ರ ದಶಕಗಳಲ್ಲಿ. ಒಗೆದಾಗ ಎದೆ ಮೇಲೆ ಗುಳ್ಳೆ ಏಳುವುದು ಈ ಜಾತಿಯೇ. ಕ್ಯಾನ್ವಾಸ್ ಇದ್ದರೆ ಹಳೇದೇ ಎಂದು ಹಿಗ್ಗಬೇಡಿ, ಒಳ್ಳೆ ದರ್ಜಿಗಳು ಈಗಲೂ ಅದನ್ನೇ ಹಾಕುತ್ತಾರೆ.

ಜೋಡಿ ಪ್ಯಾಂಟ್ ಇದ್ದರೆ ಜಿಪ್ ನೋಡಿ. ನೈಲಾನ್ ಜಿಪ್ ಆದರೆ 60ರ ದಶಕಕ್ಕಿಂತ ಹಿಂದೆ ಹೋಗಬೇಡಿ, ಆಮೇಲೆ ಬದಲಿಸಿದ ಜಿಪ್ಪೇನೋ ಎಂದು ಹೊಲಿಗೆಯನ್ನೂ ನೋಡಿ. ಪಂಚೆ, ರುಮಾಲಿನ ಜೊತೆ ತೊಡುತ್ತಿದ್ದ ಕ್ಲೋಸ್ ಕಾಲರ್ ಕೋಟಿಗೆ ಜಿಪ್ಪೂ ಇಲ್ಲ, ಲ್ಯಾಪೆಲ್ಲೂ ಇಲ್ಲ. ಅದಕ್ಕೆ ಲೇಬಲ್ಲು, ಬಟ್ಟೆ, ಗೋಡೆ ಮೇಲಿನ ಫೋಟೋಗಳೇ ಗತಿ.

ಇಷ್ಟಾದ ಮೇಲೆ ಲ್ಯಾಪೆಲ್, ಭುಜ ನೋಡಿ. ಭುಜದಲ್ಲಿ ದಿಂಬಿನಂಥ ಪ್ಯಾಡ್ ಇದ್ದು ಕೋಟು ದೊಗಲೆಯಾಗಿದ್ದರೆ 80ರ ದಶಕ ಇರಬಹುದು.

ಮಾವನ ಕೋಟಿನ ಲೇಬಲ್‌ನಲ್ಲಿ 577002 ಅಂತಲೂ ಇತ್ತು, ಮೈಸೂರು ಸ್ಟೇಟ್ ಅಂತಲೂ ಇತ್ತು. ಅಂದರೆ ಲೇಬಲ್ ಮಾಡಿಸಿದ್ದು ಹದಿನಾಲ್ಕೂವರೆ ತಿಂಗಳ ಒಳಗೆ. ಬೀಗುತ್ತಾ ಹೋಗಿ ಅತ್ತೆಗೆ ಹೇಳಿದೆ. ಅವರು ಮೆಂತ್ಯ ಸೊಪ್ಪು ಬಿಡಿಸುತ್ತಾ ತಲೆ ಎತ್ತದೇ ಅಂದರು: ‘73ರ ಮೇ ತಿಂಗಳು ಕಣೋ, ನಮ್ಮ ಮದುವೇಗೆ ಹೊಲಿಸಿದ್ದು. ನನ್ನ ಕೇಳಿದ್ರೆ ಆಗ್ತಿರಲಿಲ್ವಾ?’