ಕಾಲೇಜು ಗ್ರಂಥಾಲಯದ ಇ-ಸಂಪನ್ಮೂಲಗಳು: ಓದುಗರ ಅಭಿಪ್ರಾಯ ಸಂಗ್ರಹಿಸುವ ಬಗೆ

ಕಾಲೇಜುಗಳ ಗುಣಮಟ್ಟ ಪರಿಶೀಲಿಸುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದ ವರ್ಷ ಹತ್ತಿರವಾದಂತೆ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಭಾಗದ ಅನೇಕ ಕಾಲೇಜು ಗ್ರಂಥಾಲಯಗಳಲ್ಲಿ ಅಭಿಪ್ರಾಯ ಪತ್ರ ಹಂಚುವ ಕೆಲಸ ಶುರುವಾಗುತ್ತದೆ. 'ಇ-ಸಂಪನ್ಮೂಲಗಳ ಬಗ್ಗೆ ನಿಮಗೆ ತೃಪ್ತಿ ಇದೆಯೇ?' ಎಂಬ ಪ್ರಶ್ನೆಯ ಮುಂದೆ ವಿದ್ಯಾರ್ಥಿಗಳು 'ಉತ್ತಮ' ಎಂದು ಗುರುತು ಹಾಕುತ್ತಾರೆ, ಕಾಗದಗಳು ಫೈಲಿಗೆ ಸೇರುತ್ತವೆ. ಕಾಲೇಜುಗಳಿಗೆ ಇ-ಪುಸ್ತಕ, ಇ-ನಿಯತಕಾಲಿಕೆಗಳನ್ನು ಅಂತರ್ಜಾಲದಲ್ಲಿ ಒದಗಿಸುವ ಎನ್-ಲಿಸ್ಟ್‌ನ ಖಾತೆಯನ್ನು ಒಮ್ಮೆಯೂ ತೆರೆಯದವರು ಸಹ ಹಾಗೆಯೇ ಗುರುತು ಹಾಕಿರುವುದರಿಂದ ಆ ಫೈಲು ಗ್ರಂಥಪಾಲಕರಿಗೆ ಏನನ್ನೂ ಕಲಿಸುವುದಿಲ್ಲ. ಓದುಗ ಯಾವುದನ್ನು ಹುಡುಕಿ ಬಂದ, ಎಲ್ಲಿ ನಿಂತುಬಿಟ್ಟ ಎಂಬುದು ತಿಳಿದಾಗ ಮಾತ್ರ ಅಭಿಪ್ರಾಯ ಸಂಗ್ರಹ ಸಾರ್ಥಕವಾಗುತ್ತದೆ.

ಪ್ರಶ್ನೆಗಳನ್ನು ಬರೆಯುವ ಮೊದಲು, ಉತ್ತರಗಳನ್ನು ಆಧರಿಸಿ ಯಾವ ನಿರ್ಧಾರ ತೆಗೆದುಕೊಳ್ಳಬೇಕಾಗಿದೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. 2025ರ ಜನವರಿ 1ರಿಂದ ಜಾರಿಗೆ ಬಂದಿರುವ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯ ಮೊದಲ ಹಂತದಲ್ಲಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ವಿಶ್ವವಿದ್ಯಾಲಯಗಳಿಗೂ ಸರ್ಕಾರಿ ಕಾಲೇಜುಗಳಿಗೂ ದೊರೆಯುವ ವ್ಯವಸ್ಥೆಯಾಗಿದೆ. ಹೀಗಾಗಿ ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯ ಅಥವಾ ಆಳಂದ ತಾಲ್ಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಕೇಳಬೇಕಾದ ಪ್ರಶ್ನೆ ಬೇರೆ, ಎನ್-ಲಿಸ್ಟ್ ಒಂದನ್ನೇ ನೆಚ್ಚಿಕೊಂಡ ಖಾಸಗಿ ಪದವಿ ಕಾಲೇಜಿನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಪ್ರಕಾಶಕರೊಂದಿಗಿನ ಚಂದಾ ಬಹುಮಟ್ಟಿಗೆ ಜನವರಿಯಿಂದ ಡಿಸೆಂಬರ್‌ವರೆಗೆ ಇರುವುದರಿಂದ, ಸೆಪ್ಟೆಂಬರ್ ಒಳಗೆ ಸಂಗ್ರಹ ಮುಗಿದರೆ ಗ್ರಂಥಾಲಯ ಸಮಿತಿಗೆ ಯೋಚಿಸಲು ಸಮಯ ಸಿಗುತ್ತದೆ. ಪರೀಕ್ಷೆಯ ಹೊತ್ತಿನಲ್ಲಿ ಕೇಳಬಾರದು. ಬಿಸಿಲಿಗೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಮುಚ್ಚುವ ಏಪ್ರಿಲ್, ಮೇ ತಿಂಗಳುಗಳಲ್ಲಂತೂ ಬೇಡವೇ ಬೇಡ.

ಇ-ಸಂಪನ್ಮೂಲಗಳು ಎಷ್ಟು ಬಳಕೆಯಾದವು ಎಂದು ತಿಳಿಸಲು ಪ್ರಕಾಶಕರು 'ಕೌಂಟರ್' (COUNTER) ಎಂಬ ಏಕರೂಪದ ಮಾನದಂಡದಂತೆ ಕೊಡುವ ವರದಿಗಳು ಸಿಗುವಂತಿದ್ದರೆ ಅವುಗಳನ್ನು ಮೊದಲೇ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಎಷ್ಟು ಲೇಖನ ಡೌನ್‌ಲೋಡ್ ಆಗಿವೆ ಎಂಬ ಅಂಕಿಯ ಜೊತೆಗೆ, ಚಂದಾ ಇಲ್ಲದ ಕಾರಣ ಎಷ್ಟು ಸಲ ಪ್ರವೇಶ ನಿರಾಕರಣೆಯಾಯಿತು ಎಂಬ ಲೆಕ್ಕವೂ ಅವುಗಳಲ್ಲಿರುತ್ತದೆ. ಈ ಎರಡನೆಯದನ್ನು ನಮ್ಮಲ್ಲಿ ಬಹಳಷ್ಟು ಮಂದಿ ನೋಡುವುದೇ ಇಲ್ಲ. ಆದರೆ ಲಾಗಿನ್ ಪುಟದಲ್ಲೇ ಸೋತು ಹಿಂದಿರುಗಿದವನ ಸುದ್ದಿ ಯಾವ ವರದಿಯಲ್ಲೂ ಬರುವುದಿಲ್ಲವಾದ್ದರಿಂದ ಅವನನ್ನೇ ಕೇಳಬೇಕು.

ಪ್ರಶ್ನೆ ಹೇಗಿರಬೇಕು ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. 'ಸಾಮಾನ್ಯವಾಗಿ ನೀವು ಎಷ್ಟು ಸಲ ಬಳಸುತ್ತೀರಿ?' ಎಂದು ಕೇಳಿದರೆ ಜನ ಮರ್ಯಾದೆಗಾದರೂ ಹೆಚ್ಚು ಹೇಳುತ್ತಾರೆ. ಅದರ ಬದಲು 'ಕಳೆದ ಸಲ ಪ್ರಾಜೆಕ್ಟ್ ಅಥವಾ ಸೆಮಿನಾರಿಗಾಗಿ ಏನನ್ನು ಹುಡುಕಿದಿರಿ? ಮೊದಲು ಎಲ್ಲಿ ಹುಡುಕಿದಿರಿ? ಸಿಕ್ಕಿತೇ? ಸಿಗದಿದ್ದಾಗ ಏನು ಮಾಡಿದಿರಿ?' ಎಂದು ಕೇಳಿದರೆ ನಡೆದದ್ದನ್ನೇ ಹೇಳಬೇಕಾಗುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಗೆಳೆಯರನ್ನು ಕೇಳಿದೆ, ಗೂಗಲ್‌ನಲ್ಲಿ ಬಂದದ್ದನ್ನೇ ಬರೆದುಕೊಂಡೆ, ಮೇಡಂ ಅವರ ನೋಟ್ಸ್ ಜೆರಾಕ್ಸ್ ಮಾಡಿಸಿದೆ ಎಂಬಂಥ ಉತ್ತರಗಳು ಬಂದರೆ ಅವುಗಳನ್ನು ತಪ್ಪೆಂದು ಎಣಿಸದೆ ಮಾಹಿತಿಯೆಂದೇ ಸ್ವೀಕರಿಸಬೇಕು. ಗ್ರಂಥಾಲಯ ಸೇವೆಯ ಗುಣಮಟ್ಟ ಅಳೆಯುವ ಅಮೆರಿಕದ ಲಿಬ್‌ಕ್ವಾಲ್ ಸಮೀಕ್ಷೆಯಲ್ಲಿ 22 ಮುಖ್ಯ ಹೇಳಿಕೆಗಳಿದ್ದು, ಪ್ರತಿಯೊಂದಕ್ಕೂ ಕನಿಷ್ಠ ನಿರೀಕ್ಷೆ, ಬಯಸುವ ಮಟ್ಟ, ಈಗ ಸಿಗುತ್ತಿರುವ ಮಟ್ಟ ಎಂದು ಮೂರು ಅಂಕ ಕೊಡಬೇಕಾಗುತ್ತದೆ. ಪದವಿ ಕಾಲೇಜಿಗೆ ಅದು ಭಾರವಾದೀತು. ಬೇಕಿದ್ದರೆ ಬಯಸುವುದಕ್ಕೂ ಸಿಗುವುದಕ್ಕೂ ಇರುವ ಅಂತರವನ್ನು ಅಳೆಯುವ ಆ ಯೋಚನೆಯನ್ನಷ್ಟೇ ತೆಗೆದುಕೊಂಡು ಆರೇಳು ಪ್ರಶ್ನೆಗಳಲ್ಲಿ ಮುಗಿಸಬಹುದು.

ನನ್ನ ಮಟ್ಟಿಗೆ ಕಾಗದದ ಸಮೀಕ್ಷೆಗಿಂತ ಹೆಚ್ಚು ಫಲ ಕೊಡುವುದು ಓದುಗರ ಪಕ್ಕದಲ್ಲಿ ಕುಳಿತು ನೋಡುವ ಕ್ರಮ. ಐದಾರು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕರೆದು, ಅವರದೇ ಮೊಬೈಲಿನಲ್ಲಿ, ಅವರಿಗೆ ನಿಜವಾಗಿ ಬೇಕಾದ ವಿಷಯವನ್ನೇ ಹುಡುಕಲು ಹೇಳಿ, ನಾವು ಬಾಯಿ ಮುಚ್ಚಿಕೊಂಡು ಕೂರಬೇಕು. ಪಾಸ್‌ವರ್ಡ್ ಬಂದಿರುವ ಇ-ಮೇಲ್ ಯಾವುದೆಂದೇ ನೆನಪಿಲ್ಲದಿರುವುದು, ಅದು ಅಣ್ಣನ ಹಳೆಯ ಫೋನಿನಲ್ಲಿ ಉಳಿದಿರುವುದು, ಎರಡು ಅಂಕಣದ ಪಿಡಿಎಫ್ ಸಣ್ಣ ಪರದೆಯಲ್ಲಿ ಓದಲು ಬಾರದಿರುವುದು ಆಗ ಕಣ್ಣಿಗೆ ಬೀಳುತ್ತವೆ. ಕನ್ನಡ ಎಂ.ಎ. ವಿದ್ಯಾರ್ಥಿಯೊಬ್ಬ ಪಿಎಚ್.ಡಿ. ಪ್ರಬಂಧಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾದಲ್ಲಿ ವಚನ ಸಾಹಿತ್ಯದ ಪ್ರಬಂಧ ಹುಡುಕುತ್ತಾನೆಂದುಕೊಳ್ಳಿ: ಯೂನಿಕೋಡ್ (ಈಗ ಎಲ್ಲೆಡೆ ಬಳಕೆಯಲ್ಲಿರುವ ಅಕ್ಷರ ಸಂಕೇತ) ಅಲ್ಲದ ಹಳೆಯ 'ನುಡಿ' ಫಾಂಟಿನಲ್ಲಿ ಬೆರಳಚ್ಚಾದ ಪ್ರಬಂಧದ ಒಳಗಿನ ಪದಗಳು ಯೂನಿಕೋಡ್ ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ. ಪ್ರಬಂಧ ಇದ್ದೂ ಅವನ ಪಾಲಿಗೆ ಇಲ್ಲದಂತಾಗುತ್ತದೆ. 'ಕನ್ನಡದಲ್ಲಿ ಏನೂ ಇಲ್ಲ' ಎಂದು ಅವನು ಅಭಿಪ್ರಾಯ ಪತ್ರದಲ್ಲಿ ಬರೆದರೆ ನಿಜವಾದ ಕಾರಣ ನಮಗೆ ತಿಳಿಯುವುದೇ ಇಲ್ಲ.

ಯಾರನ್ನು ಕೇಳಬೇಕು ಎಂಬುದೂ ಅಷ್ಟೇ ಮುಖ್ಯ. ಕಂಪ್ಯೂಟರ್ ವಿಭಾಗದಲ್ಲಿ ಕುಳಿತವರನ್ನಷ್ಟೇ ಕೇಳಿದರೆ ಬಲ್ಲವರ ಮಾತು ಮಾತ್ರ ಸಿಗುತ್ತದೆ. ಚಿಂಚೋಳಿ, ಜೇವರ್ಗಿ, ಸುರಪುರದ ಹಳ್ಳಿಗಳಿಂದ ಬಂದು ಕೊನೆಯ ತರಗತಿ ಮುಗಿಯುತ್ತಲೇ ಬಸ್ಸಿಗೆ ಓಡುವವರನ್ನು ತರಗತಿಯಲ್ಲಿಯೇ ಭೇಟಿಯಾಗಬೇಕು. ಸ್ಪರ್ಧಾತ್ಮಕ ಪರೀಕ್ಷೆಗೆಂದು ವಾಚನಾಲಯದಲ್ಲಿ ದಿನವಿಡೀ ಕೂರುವವರು ನಮ್ಮ ಖಾಯಂ ಓದುಗರಾದರೂ ಇ-ಸಂಪನ್ಮೂಲದ ಕಡೆ ತಲೆಹಾಕದಿರಬಹುದು. ಅವರ ಉತ್ತರಗಳನ್ನು ಬೇರೆಯಾಗಿಯೇ ಇಡಬೇಕು. ಪ್ರಶ್ನೆಗಳು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರಲಿ, ಬೀದರ್, ಕಲಬುರಗಿಗಳಲ್ಲಿ ಉರ್ದುವಿನಲ್ಲೂ ಇದ್ದರೆ ಉತ್ತಮ. ಹೆಸರು, ನೋಂದಣಿ ಸಂಖ್ಯೆ ಕೇಳಬಾರದು. ಆಂತರಿಕ ಅಂಕ ಕೊಡುವ ಅಧ್ಯಾಪಕರ ಕೈಗೆ ಪತ್ರಗಳನ್ನು ಒಪ್ಪಿಸುವಂತೆ ಮಾಡಿದರೆ ಯಾವ ವಿದ್ಯಾರ್ಥಿಯೂ ಬಿಚ್ಚುಮನಸ್ಸಿನಿಂದ ಬರೆಯಲಾರ.

ಗ್ರಂಥಾಲಯದ ಸೇವಾ ಮೇಜಿನ ಮೇಲೆ ವರ್ಷವಿಡೀ ಒಂದು ನೋಟ್‌ಬುಕ್ ಇರಲಿ. ದೂರು ಬಂದ ಕೂಡಲೇ ದಿನಾಂಕ, ವಿಭಾಗ, ಹುಡುಕಿದ್ದೇನು, ನಿಂತದ್ದೆಲ್ಲಿ ಎಂಬುದನ್ನು ಸಿಬ್ಬಂದಿ ಬರೆದಿಡಬೇಕು. ಅದೂ ಓದುಗರ ಮಾತಿನಲ್ಲಿಯೇ. 'ಮನ್ಯಾಗ ಓಪನ್ ಆಗ್ಲತ್ತಿಲ್ರಿ ಸರ' ಎಂದದ್ದನ್ನು 'ತಾಂತ್ರಿಕ ಸಮಸ್ಯೆ' ಎಂದು ತಿದ್ದಿ ಬರೆದರೆ, ತೊಂದರೆ ಇರುವುದು ಕ್ಯಾಂಪಸ್ಸಿನ ಹೊರಗೆ ಎಂಬ ಸುಳಿವೇ ಅಳಿಸಿಹೋಗುತ್ತದೆ.

ಬಂದ ಉತ್ತರಗಳನ್ನು ಶೇಕಡಾವಾರು ಲೆಕ್ಕಕ್ಕೆ ಇಳಿಸುವ ಮೊದಲು ಕಾರಣದ ಪ್ರಕಾರ ವಿಂಗಡಿಸಬೇಕು. ಸಂಪನ್ಮೂಲವೇ ನಮ್ಮಲ್ಲಿಲ್ಲದಿದ್ದರೆ ಅದು ಸಮಿತಿಯ ಮುಂದೆ ಹೋಗಬೇಕು. ಇದ್ದೂ ಗೊತ್ತಿಲ್ಲದಿದ್ದರೆ ಪರಿಚಯ ತರಗತಿ ನಡೆಯಬೇಕು. ಗೊತ್ತಿದ್ದೂ ಒಳಹೋಗಲಾಗದಿದ್ದರೆ ಖಾತೆಗಳನ್ನು ನಾವೇ ಸರಿಪಡಿಸಬೇಕು, ಅದಕ್ಕೆ ಯಾರ ಅನುದಾನವೂ ಬೇಕಿಲ್ಲ. ಒಳಹೋಗಿಯೂ ಓದಲಾಗದಿದ್ದರೆ ಭಾಷೆ ಮತ್ತು ಪರದೆಯ ತೊಡಕನ್ನು ಗಮನಿಸಬೇಕು. ಈ ವಿಂಗಡಣೆಯಿಲ್ಲದೆ ಹೊಸ ಡೇಟಾಬೇಸ್ ಕೊಳ್ಳಲು ಹೊರಟರೆ ಹಣ ಹೋಗಿ ತೊಂದರೆ ಹಾಗೆಯೇ ಉಳಿಯುತ್ತದೆ.

ಫಲಿತಾಂಶವನ್ನು ಒಂದು ತಿಂಗಳೊಳಗೆ ಸೂಚನಾ ಫಲಕದಲ್ಲಿಯೂ ವಿಭಾಗಗಳ ವಾಟ್ಸಾಪ್ ಗುಂಪುಗಳಲ್ಲಿಯೂ ಕನ್ನಡದಲ್ಲಿ ಪ್ರಕಟಿಸಬೇಕು. ಏನು ಸರಿಯಾಯಿತು ಎಂಬುದರ ಜೊತೆಗೆ ಏನು ಸಾಧ್ಯವಾಗಲಿಲ್ಲ, ಏಕೆ ಎಂಬುದನ್ನೂ ಬರೆಯಬೇಕು. ಮುಂದಿನ ವರ್ಷ ಕನಿಷ್ಠ ಎರಡು ಪ್ರಶ್ನೆಗಳನ್ನು ಒಂದಕ್ಷರವೂ ಬದಲಿಸದೆ ಮತ್ತೆ ಕೇಳಬೇಕು. ಮಾತು ಬದಲಾದರೆ ಎರಡು ವರ್ಷಗಳ ಉತ್ತರಗಳನ್ನು ಹೋಲಿಸಿ ನೋಡಲು ಬರುವುದಿಲ್ಲ.